ಹಿತ್ತಲ ಕೋಳಿಗೆ ಯಾವ ಮೇವು ಅಗ್ಗ? ಚೀಲದ ಬೆಲೆ ಬಿಡಿ, ಮೊಟ್ಟೆಯ ಲೆಕ್ಕ ಹಾಕಿ

ನಮ್ಮ ಹಿತ್ತಲಲ್ಲಿ ಈಗ 14 ಕೋಳಿಗಳಿವೆ. ಆರು ನಾಟಿ ಹ್ಯಾಟೆ, ಏಳು ಸ್ವರ್ಣಧಾರಾ (ನಾಟಿಗಿಂತ ಹೆಚ್ಚು ಮೊಟ್ಟೆ ಇಡುವ ಸುಧಾರಿತ ತಳಿ), ಒಂದು ಹುಂಜ. ಮೊದಲ ವರ್ಷ ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಕೋಳಿಗೆಂದೇ ಮಾಡಿದ ರೆಡಿ ಮೇವು) ಚೀಲ ತಂದು ತಂದು ಸುರಿದೆ. ಎರಡನೇ ವರ್ಷ ದುಡ್ಡು ಉಳಿಸೋಣ ಅಂತ ಫೀಡ್ ನಿಲ್ಲಿಸಿ ಬರೀ ಮೆಕ್ಕೆಜೋಳ ಹಾಕಿದೆ. ತಿಂಗಳ ಖರ್ಚು ಇಳಿಯಿತು, ಖುಷಿಯಾಯಿತು. ಮೊಟ್ಟೆಯೂ ಇಳಿಯಿತು. ಕ್ಯಾಲೆಂಡರ್ ಮೇಲೆ ದಿನಾ ಬರೆದಿಟ್ಟಿದ್ದ ಮೊಟ್ಟೆ ಲೆಕ್ಕ ಕೂಡಿಸಿ ನೋಡಿದರೆ, ಒಂದೊಂದು ಮೊಟ್ಟೆಗೆ ಹೋದ ವರ್ಷಕ್ಕಿಂತ ಜಾಸ್ತಿ ಬಿದ್ದಿತ್ತು!

ಹಾಗಾಗಿ ಇಲ್ಲಿ ಕಿಲೋಗೆ ಎಷ್ಟು ಅನ್ನುವುದಕ್ಕಿಂತ ಮೊಟ್ಟೆಗೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕದಲ್ಲೇ ಹೋಲಿಸುತ್ತೇನೆ. ಬೆಲೆಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ನಾನು ಹಾಕುವ ಅಂಕಿ ಲೆಕ್ಕ ತೋರಿಸುವುದಕ್ಕೆ ಮಾತ್ರ. ಆ ಜಾಗದಲ್ಲಿ ನಿಮ್ಮೂರಿನ ಬೆಲೆ ಹಾಕಿಕೊಳ್ಳಿ.

ಮೊದಲು ಲೆಕ್ಕ ಹೇಗೆ ಅಂತ ನೋಡೋಣ. ಕೂಡಿಹಾಕಿ ಸಾಕುವ ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ವರ್ಷಕ್ಕೆ 40 ಕಿಲೋ. ಫೀಡ್ ಕಿಲೋಗೆ 36 ರೂಪಾಯಿ ಅಂದುಕೊಂಡರೆ 1,440 ರೂಪಾಯಿ. ಅದು ವರ್ಷಕ್ಕೆ 180 ಮೊಟ್ಟೆ ಇಟ್ಟರೆ ಮೊಟ್ಟೆಗೆ 8 ರೂಪಾಯಿ. ನಾಟಿ ಕೋಳಿ ಸಣ್ಣದು, 80 ಗ್ರಾಂ ಸಾಕು. ಆದರೆ ಅದು ವರ್ಷಕ್ಕೆ ಇಡುವುದು 60ರಿಂದ 80 ಮೊಟ್ಟೆ. ನಡುವೆ ಕಾವು ಬೇರೆ ಕೂರುತ್ತದೆ. ಅದನ್ನು ಕೂಡಿಹಾಕಿ ಅದೇ ಫೀಡ್ ತಿನ್ನಿಸಿದರೆ 1,050 ರೂಪಾಯಿಗೆ 70 ಮೊಟ್ಟೆ, ಅಂದರೆ ಒಂದಕ್ಕೆ 15 ರೂಪಾಯಿ. ನಾಟಿ ಕೋಳಿಯನ್ನು ಚೀಲದ ಫೀಡ್ ಮೇಲೇ ಸಾಕುವುದು ಶೋಕಿ. ಅದು ಬಿಟ್ಟು ಮೇಯಿಸುವುದಕ್ಕೇ ಹುಟ್ಟಿದ ಕೋಳಿ.

ಫೀಡ್ ಬದಲಿಸುವ ಮುಂಚೆ

ಚೆಲ್ಲಿಹೋಗುವುದನ್ನು ನಿಲ್ಲಿಸಿ. ತಟ್ಟೆಯಲ್ಲಿ ಸುರಿದರೆ ಕೋಳಿ ಅದರ ಮೇಲೆ ಹತ್ತಿ ಕೆದಕುತ್ತದೆ. ಬಕೆಟ್ ಥರದ ಫೀಡರ್ ಇದ್ದರೂ ಅಂಚಿನವರೆಗೆ ತುಂಬಿದರೆ ಕೊಕ್ಕಿನಿಂದ ಆಚೆ ಎಳೆದು ಹಾಕುತ್ತದೆ. ಫೀಡರಿನ ತಟ್ಟೆಯನ್ನು ಮೂರನೇ ಒಂದು ಭಾಗ ಮಾತ್ರ ತುಂಬಿ. ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ. ನಾನು ಇದಿಷ್ಟೇ ಮಾಡಿದ್ದಕ್ಕೆ ಐದು ವಾರಕ್ಕೆ ಮುಗಿಯುತ್ತಿದ್ದ ಚೀಲ ಆರು ವಾರ ದಾಟಿತು.

ಇನ್ನೊಂದು ಇಲಿ. ರಾತ್ರಿ ಫೀಡರ್ ಗೂಡಿನಲ್ಲೇ ಬಿಟ್ಟರೆ ನೀವು ಸಾಕುತ್ತಿರುವುದು ಇಲಿಯನ್ನು. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ. ಎತ್ತಿ ಒಳಗಿಡಿ. ಚೀಲ ತಗಡಿನ ಡ್ರಮ್ಮಿನಲ್ಲಿರಲಿ.

ಮೂರನೆಯದು ಹೊಟ್ಟೆಹುಳ. ಹೊರಗೆ ಮೇಯುವ ಕೋಳಿಗೆ ಜಂತುಹುಳ ಬಂದೇ ಬರುತ್ತದೆ. ತಿಂದದ್ದರ ಪಾಲು ಅದಕ್ಕೂ ಹೋಗುತ್ತದೆ. ಪಶು ವೈದ್ಯರನ್ನು ಕೇಳಿ ಮೂರು ತಿಂಗಳಿಗೊಮ್ಮೆ ಔಷಧಿ ಹಾಕಿಸಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಿ ಉಳಿಸಿದ ದುಡ್ಡಂತೂ ಉಳಿತಾಯವೇ ಅಲ್ಲ. ರೋಗ ಒಂದು ಸಲ ಬಂತೆಂದರೆ ಗೂಡೇ ಖಾಲಿ.

ಇಷ್ಟಾದ ಮೇಲೆ ಆಯ್ಕೆಗಳಿಗೆ ಬರೋಣ.

ಪೂರ್ತಿ ರೆಡಿ ಫೀಡ್

ಲೇಯರ್ ಫೀಡಿನಲ್ಲಿ ಪ್ರೋಟೀನ್ ಶೇಕಡಾ 16ರಿಂದ 18, ಕ್ಯಾಲ್ಸಿಯಂ ಶೇಕಡಾ 3.5ರ ಆಸುಪಾಸು ಇರುತ್ತದೆ. ಕೂಡಿಹಾಕಿದ ಕೋಳಿಗೆ ಬೇರೇನೂ ಬೇಕಿಲ್ಲ. ಕಿಲೋ ಬೆಲೆಯಲ್ಲಿ ದುಬಾರಿ, ಮೊಟ್ಟೆಯ ಬೆಲೆಯಲ್ಲಿ ಮಧ್ಯಮ. ಬೆಂಗಳೂರಿನ ತಾರಸಿ ಮೇಲೆ ನಾಲ್ಕು ಕೋಳಿ ಸಾಕುವವರಿಗೆ ನಾನು ಬೇರೆ ದಾರಿ ಹೇಳುವುದೇ ಇಲ್ಲ. ಅಲ್ಲಿ ಕೆದಕಲು ಮಣ್ಣಿಲ್ಲ, ಹುಳ ಇಲ್ಲ. ಏನು ಹಾಕುತ್ತೀರೋ ಅದೇ ಅವುಗಳ ಪ್ರಪಂಚ.

ಎರಡು ತಪ್ಪು ಮಾತ್ರ ಮಾಡಬೇಡಿ. ಬ್ರಾಯ್ಲರ್ ಫೀಡ್ ಸಿಕ್ಕಿತು ಅಂತ ಮೊಟ್ಟೆ ಕೋಳಿಗೆ ಹಾಕಿದರೆ ಕೊಬ್ಬು ಬೆಳೆಯುತ್ತದೆ, ಚಿಪ್ಪಿಗೆ ಬೇಕಾದಷ್ಟು ಕ್ಯಾಲ್ಸಿಯಂ ಅದರಲ್ಲಿಲ್ಲ. ಹಾಗೆಯೇ ಲೇಯರ್ ಫೀಡನ್ನು ಮರಿಗಳಿಗೆ ಹಾಕಬಾರದು. ಅಷ್ಟು ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡಕ್ಕೆ ಕೆಟ್ಟದ್ದು. ಮರಿಗಳ ವಿಷಯದಲ್ಲಿ ಒಂದೇ ಮಾತು: ಮೊದಲ ಎಂಟು ವಾರ ಉಳಿತಾಯದ ಯೋಚನೆ ಬಿಡಿ, ಶೇಕಡಾ 20 ಪ್ರೋಟೀನಿನ ಚಿಕ್ ಸ್ಟಾರ್ಟರ್ ಕೊಡಿ. ಒಂದು ಮರಿ ಅಷ್ಟು ದಿನಕ್ಕೆ ತಿನ್ನುವುದು ಎರಡು ಕಿಲೋ ಆಸುಪಾಸು. ಅದರಲ್ಲಿ ಉಳಿಸುವುದಕ್ಕೆ ಏನಿದೆ?

ಬರೀ ಕಾಳು

ನಾನು ಮುಗ್ಗರಿಸಿದ್ದು ಇಲ್ಲೇ. ಮೆಕ್ಕೆಜೋಳ ಕಿಲೋಗೆ 25 ರೂಪಾಯಿ ಅಂದುಕೊಳ್ಳಿ. ಕೋಳಿಗೆ ವರ್ಷಕ್ಕೆ 1,000 ರೂಪಾಯಿ. ಫೀಡಿಗಿಂತ 440 ಉಳಿಯಿತು ಅಲ್ವಾ? ಈಗ ಒಳಗೆ ಏನಿದೆ ನೋಡಿ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇಕಡಾ 9. ಅಂದರೆ 110 ಗ್ರಾಂ ತಿಂದರೆ 10 ಗ್ರಾಂ ಪ್ರೋಟೀನ್. ಫೀಡಿನಲ್ಲಿ 18 ಗ್ರಾಂ ಸಿಗುತ್ತಿತ್ತು. ಒಂದು ಮೊಟ್ಟೆಯೊಳಗೇ 6 ಗ್ರಾಂ ಪ್ರೋಟೀನ್ ಹೋಗುತ್ತದೆ. ಕೋಳಿ ಅದನ್ನು ಗಾಳಿಯಿಂದ ತರುವುದಿಲ್ಲ. ಮೊದಲು ತನ್ನ ಮೈ ನೋಡಿಕೊಳ್ಳುತ್ತದೆ, ಮಿಕ್ಕರೆ ಮೊಟ್ಟೆ. 180 ಇಡುವ ಕೋಳಿ 100ಕ್ಕೆ ಇಳಿದರೆ ಮೊಟ್ಟೆಗೆ 10 ರೂಪಾಯಿ ಬಿತ್ತು. ಅಗ್ಗದ ಮೇವು ದುಬಾರಿಯಾಗುವುದು ಹೀಗೆ.

ಸಜ್ಜೆ, ಬಿಳಿಜೋಳ, ಅಕ್ಕಿ ನುಚ್ಚು, ರಾಗಿ, ಇವೆಲ್ಲ ಇದೇ ಸಾಲಿನವು. ಹೆಚ್ಚೂಕಡಿಮೆ ಶೇಕಡಾ 7ರಿಂದ 11 ಪ್ರೋಟೀನ್. ರಾಗಿ ಹಾಕಿದರೆ ಚಿಪ್ಪು ಗಟ್ಟಿಯಾಗುತ್ತದೆ ಅನ್ನುವ ಮಾತು ನಮ್ಮ ಕಡೆ ಇದೆ. ಅದು ಅರ್ಧ ನಿಜ. ಬೇರೆ ಕಾಳಿಗಿಂತ ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಸರಿ. ಆದರೆ 100 ಗ್ರಾಂ ರಾಗಿಯಲ್ಲಿರುವುದು 0.34 ಗ್ರಾಂ. ಒಂದು ಚಿಪ್ಪಿಗೆ ಬೇಕಾದದ್ದು 2 ಗ್ರಾಂ. ಕಪ್ಪೆಚಿಪ್ಪಿನ ಪುಡಿ ಇಡದೆ ಗತಿಯಿಲ್ಲ.

ಹಾಗಂತ ಕಾಳು ಬಿಡಬೇಕಾಗಿಲ್ಲ. ಹೊರಗೆ ಮೇಯುವ ಕೋಳಿಗೆ ಹುಳ ಸಿಗುತ್ತದೆ, ಪ್ರೋಟೀನ್ ಅಲ್ಲೇ ಆಯಿತು. ಅದಕ್ಕೆ ಸಂಜೆ ಕಾಳು ಹಾಕುವುದು ನಮ್ಮ ಅಜ್ಜಿಯರು ಮಾಡುತ್ತಿದ್ದ ಲೆಕ್ಕ, ಅದು ಸರಿಯಾದ ಲೆಕ್ಕವೇ. ಕೂಡಿಹಾಕಿದ ಕೋಳಿಗೆ ಅದನ್ನೇ ಮಾಡಿದರೆ ಕೆಟ್ಟಿತು.

ಮನೆಯಲ್ಲೇ ಕಲಸುವುದು

ಎಲ್ಲರೂ ಹೇಳುವ ಸಲಹೆ ಇದು: ಸ್ವಂತ ಫೀಡ್ ಮಾಡಿಕೊಳ್ಳಿ, ಅರ್ಧಕ್ಕರ್ಧ ಉಳಿಯುತ್ತದೆ. ನಾನೂ ನಂಬಿದ್ದೆ. 10 ಕಿಲೋಗೆ ನಾನು ಕಲಸುವ ಪ್ರಮಾಣ ಹೀಗಿದೆ:

ಮೆಕ್ಕೆಜೋಳದ ನುಚ್ಚು 5.3 ಕಿಲೋ
ಅಕ್ಕಿ ತೌಡು 1.5 ಕಿಲೋ
ಕಡಲೆಕಾಯಿ ಹಿಂಡಿ 1.5 ಕಿಲೋ
ಒಣಮೀನಿನ ಪುಡಿ 700 ಗ್ರಾಂ
ಚಿಪ್ಪಿನ ಪುಡಿ 700 ಗ್ರಾಂ
ಕೋಳಿಗೆಂದೇ ಮಾಡಿದ ಖನಿಜ ಮತ್ತು ವಿಟಮಿನ್ ಮಿಶ್ರಣ 300 ಗ್ರಾಂ

ಪ್ರೋಟೀನ್ ಶೇಕಡಾ 16ರ ಸ್ವಲ್ಪ ಮೇಲೆ ಬರುತ್ತದೆ. ಉಪ್ಪು ಬೇರೆ ಹಾಕುವುದಿಲ್ಲ, ಒಣಮೀನಿನಲ್ಲೇ ಬೇಕಾದಷ್ಟಿದೆ. ಜೋಳ 25, ತೌಡು 18, ಹಿಂಡಿ 45, ಒಣಮೀನು 60, ಚಿಪ್ಪಿನ ಪುಡಿ 10, ಖನಿಜ ಮಿಶ್ರಣ 100 ರೂಪಾಯಿ ಅಂತ ಹಿಡಿದರೆ ಕಿಲೋಗೆ 30 ರೂಪಾಯಿ ದಾಟುತ್ತದೆ. ಮಿಲ್ಲಿನ ಕೂಲಿ ಸೇರಿಸಿದರೆ 33. ಅಂಗಡಿ ಫೀಡ್ 36. ಹತ್ತು ಕೋಳಿ ದಿನಕ್ಕೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತವೆ. ಹಾಗಾದರೆ ತಿಂಗಳಿಗೆ ಉಳಿದದ್ದು 100 ರೂಪಾಯಿ. ಇದಕ್ಕೆ ಆರು ಕಡೆ ಓಡಾಡಿ ಆರು ಸಾಮಾನು ತಂದು ಕಲಸಬೇಕು. ಪೆಟ್ರೋಲಿಗೇ ಹೋಯಿತು!

ಲೆಕ್ಕ ಬದಲಾಗುವುದು ಎರಡು ಸಂದರ್ಭದಲ್ಲಿ. ಒಂದು, ಜೋಳ ನಿಮ್ಮ ಹೊಲದ್ದೇ ಆದರೆ. ದಾವಣಗೆರೆ, ಹಾವೇರಿ ಕಡೆಯವರಿಗೆ ಇದು ದೊಡ್ಡ ಅನುಕೂಲ. ಎರಡು, ಕೋಳಿ 30-40 ದಾಟಿದರೆ. ಆಗ ಮೂಟೆ ಲೆಕ್ಕದಲ್ಲಿ ಕೊಳ್ಳಬಹುದು.

ಏನು ಕಲಸಬೇಕು ಅನ್ನುವುದಕ್ಕೂ ಊರೇ ದಾರಿ ತೋರಿಸುತ್ತದೆ. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳಿವೆ, ಕಡಲೆಕಾಯಿ ಹಿಂಡಿ ಅಲ್ಲಿ ಸುಲಭ. ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಮಿಲ್ಲಿನ ತೌಡು, ನುಚ್ಚು. ಮಲ್ಪೆ, ಮಂಗಳೂರು ಕಡೆ ಒಣಮೀನು, ಜೊತೆಗೆ ಮರುವಾಯಿ (ಚಿಪ್ಪಿನೊಳಗಿನ ಮೀನು) ತಿಂದ ಮೇಲೆ ಮಿಕ್ಕ ಚಿಪ್ಪು. ತಿಪಟೂರು ಕಡೆ ಕೊಬ್ಬರಿ ಹಿಂಡಿ ಸಿಗುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಕಡಲೆಕಾಯಿ ಹಿಂಡಿಯ ಅರ್ಧದಷ್ಟು, ನಾರು ಜಾಸ್ತಿ. ಒಂದಕ್ಕೆ ಒಂದು ಅಂತ ಬದಲಿಸಬೇಡಿ. ರಾಮನಗರ, ಶಿಡ್ಲಘಟ್ಟದವರಿಗೆ ಸಿಗುವ ವಸ್ತುವಂತೂ ಬೇರೆಯವರು ಹೊಟ್ಟೆಕಿಚ್ಚು ಪಡುವಂಥದ್ದು: ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಹುಳ. ಒಣಗಿಸಿದರೆ ಅರ್ಧದಷ್ಟು ಪ್ರೋಟೀನ್. ಆದರೆ ಎಣ್ಣೆ ಅಂಶ ಜಾಸ್ತಿ, ಬೇಗ ಮುಗ್ಗುತ್ತದೆ. ಒಟ್ಟು ಮೇವಿನ ಶೇಕಡಾ 5 ದಾಟಿಸಬೇಡಿ, ವಾಸನೆ ಮೊಟ್ಟೆಗೆ ಬರುತ್ತದೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಆಮ್ಲೆಟ್ ತಿಂದು ನನಗೆ ಇದು ಗೊತ್ತಾಯಿತು.

ಕೊಳ್ಳುವಾಗ ಮೂಗು, ಕಣ್ಣು ಎರಡೂ ಬೇಕು. ಹಿಂಡಿ ಮತ್ತು ಜೋಳದಲ್ಲಿ ದೊಡ್ಡ ಅಪಾಯ ಬೂಷ್ಟು. ಜೋಳದ ತೇವ ಶೇಕಡಾ 14 ದಾಟಿದರೆ ಬೂಷ್ಟು ಹಿಡಿಯುತ್ತದೆ. ಅದು ಬಿಡುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ಲಿವರನ್ನು ತಿನ್ನುತ್ತದೆ. ಬಿಸಿಲಿಗೆ ಹಾಕಿ ಬೂಷ್ಟು ಉದುರಿಸಿದರೂ ವಿಷ ಹೋಗುವುದಿಲ್ಲ. ನಾನೊಮ್ಮೆ ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಮೂಟೆ ಜೋಳ ತಂದಿದ್ದೆ. ಕಾಳಿನ ಮೂತಿ ಕಪ್ಪಾಗಿತ್ತು, ಇರಲಿ ಬಿಡು ಅಂದುಕೊಂಡೆ. ಎರಡು ವಾರದಲ್ಲಿ ಮೊಟ್ಟೆ ನಿಂತೇಹೋಯಿತು. ಮಿಕ್ಕ ಮೂಟೆ ಗುಂಡಿ ತೋಡಿ ಮುಚ್ಚಿದೆ. ತೌಡಿನದು ಬೇರೆ ಕಥೆ. ಎಣ್ಣೆ ತೆಗೆಯದ ತೌಡು ಒಂದೆರಡು ವಾರದಲ್ಲೇ ಕಹಿಯಾಗುತ್ತದೆ. ಹೊಟ್ಟು ಬೆರೆಸಿದ್ದಾರಾ ನೋಡಲು ಒಂದು ಹಿಡಿ ನೀರಿಗೆ ಹಾಕಿ. ಹೊಟ್ಟು ಮೇಲೆ ತೇಲುತ್ತದೆ.

ಹಸುವಿಗೆ ತಂದ ಹಿಂಡಿ, ಫೀಡ್ ಮನೆಯಲ್ಲಿದೆಯಲ್ಲ, ಅದನ್ನೇ ಹಾಕೋಣ ಅಂದುಕೊಳ್ಳಬೇಡಿ. ಹಸುವಿನ ಫೀಡಿನಲ್ಲಿ ಯೂರಿಯಾ ಇರಬಹುದು. ಹಸುವಿನ ಹೊಟ್ಟೆಗೆ ಅದು ದಕ್ಕುತ್ತದೆ, ಕೋಳಿಗಲ್ಲ. ಹತ್ತಿಕಾಳು ಹಿಂಡಿಯಲ್ಲಿರುವ ಗಾಸಿಪಾಲ್ ಅನ್ನುವ ವಿಷಾಂಶ ಇನ್ನೊಂದು ತಾಪತ್ರಯ. ಇಟ್ಟ ಮೊಟ್ಟೆಯ ಹಳದಿ ಕ್ರಮೇಣ ಹಸಿರು ಬಣ್ಣಕ್ಕೆ ತಿರುಗುತ್ತದೆ.

ಬಿಟ್ಟು ಮೇಯಿಸಿ, ಸಂಜೆ ಅಳೆದು ಹಾಕುವುದು

ನನ್ನ ಓಟು ಇದಕ್ಕೆ. ಬೆಳಿಗ್ಗೆ ಗೂಡು ತೆಗೆದಾಗ ಏನೂ ಹಾಕುವುದಿಲ್ಲ, ನೀರು ಮಾತ್ರ. ಹಸಿದ ಕೋಳಿ ತಿಪ್ಪೆ ಕೆದಕುತ್ತದೆ, ತೋಟದ ದರಗು ಕೆದಕುತ್ತದೆ. ಬೆಳಿಗ್ಗೆಯೇ ಹೊಟ್ಟೆ ತುಂಬಿಸಿದರೆ ಮರದ ಕೆಳಗೆ ಕೂತು ಮಣ್ಣಾಟ ಆಡುತ್ತದೆ. ಸಂಜೆ ಐದರ ಹೊತ್ತಿಗೆ ತಗಡಿನ ಡಬ್ಬಿಯಲ್ಲಿ ಅಳೆದು ಹಾಕುತ್ತೇನೆ. ನಾಟಿ ಕೋಳಿಗೆ 40 ಗ್ರಾಂ, ಸ್ವರ್ಣಧಾರಾಕ್ಕೆ 60-70 ಗ್ರಾಂ. ಅರ್ಧ ಲೇಯರ್ ಫೀಡ್, ಅರ್ಧ ಕಾಳು. ಎರಡನ್ನೂ ಒಟ್ಟಿಗೆ ಬಿಟ್ಟರೆ ಸ್ವರ್ಣಧಾರಾ ನಾಟಿಯನ್ನು ಹತ್ತಿರಕ್ಕೂ ಬಿಡುವುದಿಲ್ಲ, ಅದಕ್ಕೇ ಎರಡು ಜಾಗದಲ್ಲಿ ಹಾಕುತ್ತೇನೆ.

ಲೆಕ್ಕ ನೋಡಿ. ನಾಟಿಗೆ ದಿನಕ್ಕೆ 40 ಗ್ರಾಂ ಅಂದರೆ ವರ್ಷಕ್ಕೆ 14.6 ಕಿಲೋ. ಅರ್ಧ 36ರದ್ದು, ಅರ್ಧ 25ರದ್ದು, ಒಟ್ಟು 445 ರೂಪಾಯಿ. 70 ಮೊಟ್ಟೆಗೆ ಹಂಚಿದರೆ ಒಂದಕ್ಕೆ 6 ರೂಪಾಯಿ ಚಿಲ್ಲರೆ. 15 ಇದ್ದದ್ದು ಇಲ್ಲಿಗೆ ಬಂತು.

ಎಷ್ಟು ಹಾಕಬೇಕು ಅಂತ ಕೋಳಿಯನ್ನೇ ಕೇಳಬಹುದು. ಮೇವು ಹಾಕುವ ಮುಂಚೆ ಒಂದೆರಡನ್ನು ಹಿಡಿದು ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಮುಟ್ಟಿ. ಆಗಲೇ ನಿಂಬೆಹಣ್ಣಿನಷ್ಟು ಉಬ್ಬಿದ್ದರೆ ಹೊರಗೆ ಚೆನ್ನಾಗಿ ಸಿಕ್ಕಿದೆ, ಸ್ವಲ್ಪ ಕಡಿಮೆ ಹಾಕಿ. ಬರಿದಾಗಿದ್ದರೆ ಜಾಸ್ತಿ ಹಾಕಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಹುಳ ಹುಪ್ಪಟೆ ಧಾರಾಳ. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಒಣಗಿ ಕಲ್ಲಾಗುತ್ತದೆ. ಆಗ ಫೀಡಿನ ಪಾಲು ಏರಿಸಲೇಬೇಕು. ವರ್ಷಪೂರ್ತಿ ಒಂದೇ ಡಬ್ಬಿ ಅಳತೆ ನಡೆಯುವುದಿಲ್ಲ.

ಇದರಲ್ಲೂ ಖರ್ಚಿದೆ, ಅದು ರಸೀದಿಯಲ್ಲಿ ಕಾಣುವುದಿಲ್ಲ. ಗಿಡುಗ, ಮುಂಗುಸಿ, ಬೀದಿನಾಯಿ. ಮೂರು ವರ್ಷದಲ್ಲಿ ನಾನು ಐದು ಕೋಳಿ ಕಳೆದುಕೊಂಡಿದ್ದೇನೆ. ಬೇಲಿ ಇಲ್ಲದ ಮನೆಯವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಕ್ಕದ ಮನೆಯವರ ಸೊಪ್ಪಿನ ಮಡಿ ಕೆದಕಿದರೆ ಆಗುವ ಜಗಳ ಬೇರೆ. ಅಡಿಕೆ ತೋಟದವರು ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದ ದಿನಗಳಲ್ಲಿ ಕೋಳಿ ಒಳಗೇ ಇರಲಿ. ಮೈಲುತುತ್ತದ ನೀರು ನಿಂತ ಗುಂಡಿಯಿಂದ ಕುಡಿಯಬಾರದು.

ಅಜೋಲಾ, ಹುಳ, ಗೆದ್ದಲು

ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಜರಿಗಿಡ) ಬಗ್ಗೆ ನಾನು ಹೇಳುವುದು ಕೆಲವರಿಗೆ ಹಿಡಿಸುವುದಿಲ್ಲ. ಶೇಕಡಾ 25 ಪ್ರೋಟೀನ್ ಅಂತ ಎಲ್ಲ ಕಡೆ ಹೇಳುತ್ತಾರೆ. ನಿಜ, ಒಣಗಿಸಿದ ಅಜೋಲಾದಲ್ಲಿ. ಹಸಿ ಅಜೋಲಾದಲ್ಲಿ ಶೇಕಡಾ 93-95 ನೀರೇ. ಆರು ಅಡಿ ನಾಲ್ಕು ಅಡಿಯ ಗುಂಡಿಯಿಂದ ದಿನಕ್ಕೆ ಅರ್ಧ ಕಿಲೋ ತೆಗೆದಿರಿ ಅನ್ನಿ. ಅದರಲ್ಲಿ ಒಣ ಪದಾರ್ಥ 30 ಗ್ರಾಂ, ಪ್ರೋಟೀನ್ ಏಳೆಂಟು ಗ್ರಾಂ. ಅಷ್ಟು ಪ್ರೋಟೀನ್ 45 ಗ್ರಾಂ ಫೀಡಿನಲ್ಲಿದೆ. ಅಂದರೆ ದಿನಕ್ಕೆ ಒಂದೂವರೆ ರೂಪಾಯಿಯ ಫೀಡ್ ಉಳಿಸಲು ಟಾರ್ಪಾಲಿನ್, ಸಗಣಿ, ಸೂಪರ್ ಫಾಸ್ಫೇಟ್, ನೆರಳು, ದಿನಾ ತೊಳೆಯುವ ಕೆಲಸ. ಮೊಟ್ಟೆಯ ಹಳದಿ ಚೆನ್ನಾಗಿ ಕೆಂಪಗೆ ಬರುತ್ತದೆ, ಅದು ಒಪ್ಪಿದೆ. ಅದಕ್ಕೆ ನುಗ್ಗೆಸೊಪ್ಪೂ ಸಾಕು, ಮರ ಹೇಗೂ ಬೇಲಿಯಲ್ಲಿದೆ. ಹಸುವಿಗೆಂದು ಅಜೋಲಾ ಈಗಾಗಲೇ ಬೆಳೆಯುತ್ತಿದ್ದರೆ ಕೋಳಿಗೂ ಎರಡು ಹಿಡಿ ಹಾಕಿ. ಕೋಳಿಗಾಗಿಯೇ ಗುಂಡಿ ತೋಡಬೇಡಿ.

ಕಪ್ಪು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಹುಳ ಇದಕ್ಕಿಂತ ಗಟ್ಟಿ ಆಸಾಮಿ. 100 ಗ್ರಾಂ ಹಸಿ ಹುಳದಲ್ಲೇ 12-13 ಗ್ರಾಂ ಪ್ರೋಟೀನ್ ಸಿಗುತ್ತದೆ. ಮುಚ್ಚಳ ಸ್ವಲ್ಪ ತೆರೆದ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ, ಹಣ್ಣು ಹಾಕಿಟ್ಟರೆ ನಮ್ಮ ಹವೆಯಲ್ಲಿ ನೊಣ ತಾನಾಗೇ ಬಂದು ಮೊಟ್ಟೆಯಿಡುತ್ತದೆ. ಬಲಿತ ಹುಳ ಒಣ ಜಾಗ ಹುಡುಕಿಕೊಂಡು ಮೇಲೆ ಹತ್ತುತ್ತದೆ. ಒಂದು ಓರೆ ಪೈಪ್ ಇಟ್ಟರೆ ತಾನೇ ಜಾರಿ ಕೋಳಿಯ ಮುಂದೆ ಬೀಳುತ್ತದೆ. ವಾಸನೆ ಇದೆ, ಸುಮ್ನೆ ಇಲ್ಲ ಅನ್ನುವುದಿಲ್ಲ. ಮಾಂಸ, ಮೀನು ಹಾಕದೆ, ನೀರು ಬಸಿಯುವಂತೆ ನೋಡಿಕೊಂಡರೆ ತಡೆಯಬಹುದು. ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿದ ಮನೆಗಳಿದ್ದರೆ ಬೇಡ.

ಗೆದ್ದಲಿನ ಉಪಾಯಕ್ಕೆ ಕಾಸು ಖರ್ಚಿಲ್ಲ. ಹಳೇ ಮಡಕೆಗೆ ಒಣ ಸಗಣಿ, ಗೋಣಿ ಚೂರು, ಹುಲ್ಲು ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕಿ. ಮಾರನೇ ದಿನ ಬೆಳಿಗ್ಗೆ ತೆಗೆದು ಮರಿಗಳ ಮುಂದೆ ಕೊಡವಿ. ಮನೆಯ ಬಾಗಿಲು ಕಿಟಕಿಯಿಂದ ದೂರ ಇಡಿ, ಅಷ್ಟೇ.

ಅಡುಗೆಮನೆಯ ಮಿಕ್ಕಿದ್ದು: ಅನ್ನ, ಮುದ್ದೆ, ಸೊಪ್ಪಿನ ಕಡ್ಡಿ, ಪಪ್ಪಾಯ ಎಲ್ಲ ಸರಿ. ಹಳಸಿದ್ದು, ಬೂಷ್ಟು ಹಿಡಿದದ್ದು, ಉಪ್ಪಿನಕಾಯಿ, ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆ ಸಿಪ್ಪೆ, ಬೇಯಿಸದ ಹುರುಳಿ, ಅವರೆ ಬೇಡ. ಹೋಟೆಲ್ಲಿನ, ಛತ್ರದ ಮಿಕ್ಕಿದ್ದನ್ನು ನಾನು ತರುವುದಿಲ್ಲ. ಉಪ್ಪು, ಎಣ್ಣೆ ವಿಪರೀತ. ಮನೆಯ ಮೊಟ್ಟೆ ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ಬೇರೆ ತಟ್ಟೆಯಲ್ಲಿಡಿ. ಬೇಕಾದ ಕೋಳಿ ತಾನೇ ತಿನ್ನುತ್ತದೆ. ಚೆನ್ನಾಗಿ ಪುಡಿ ಮಾಡಿ, ಇಲ್ಲದಿದ್ದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತವೆ.

ನಿಮಗೆ ಯಾವುದು?

ತಾರಸಿ, ಐದರ ಒಳಗೆ ಕೋಳಿ: ರೆಡಿ ಫೀಡ್, ಒಳ್ಳೆಯ ಫೀಡರ್. ಉಳಿತಾಯ ಬೇಕಿದ್ದರೆ ಹೆಚ್ಚು ಮೊಟ್ಟೆ ಇಡುವ ತಳಿ ತನ್ನಿ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ 200ರ ಆಸುಪಾಸು ಇಡುತ್ತದೆ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯ ಕಾವೇರಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸ್ವರ್ಣಧಾರಾ ಕೂಡ ಆಗುತ್ತವೆ. ಗಿರಿರಾಜ ಮಾಂಸಕ್ಕೆ ಚೆಂದ, ಆದರೆ ಮೈ ದೊಡ್ಡದು, ತಿನ್ನುವುದೂ ಜಾಸ್ತಿ.

ಹಳ್ಳಿ ಮನೆ, ಹಿತ್ತಲು, ತಿಪ್ಪೆ ಇದೆ, 20ರ ಒಳಗೆ ಕೋಳಿ: ಬಿಟ್ಟು ಮೇಯಿಸಿ, ಸಂಜೆ ಅಳೆದು ಹಾಕಿ. ಕಲಸುವ ಗೋಜಿಗೆ ಹೋಗಬೇಡಿ.

ಸ್ವಂತ ಜೋಳ ಅಥವಾ ಹತ್ತಿರ ಎಣ್ಣೆ ಮಿಲ್, 30ಕ್ಕಿಂತ ಜಾಸ್ತಿ ಕೋಳಿ: ಕಲಸಿಕೊಳ್ಳಿ. ಮಳೆಗಾಲದ ಬೆಳೆ ಕೊಯ್ಲಾಗಿ ಮಾರುಕಟ್ಟೆಗೆ ಬರುವ ನವೆಂಬರ್, ಡಿಸೆಂಬರ್‌ನಲ್ಲಿ ಜೋಳ ಕೊಂಡು ಚೆನ್ನಾಗಿ ಒಣಗಿಸಿಡಿ. ಮೊದಲಿನ ಹಾಗೆ ಅಗ್ಗವಾಗಿ ಸಿಗುತ್ತದೆ ಅಂತ ನಂಬಬೇಡಿ. ಈಗ ಎಥನಾಲ್ ಕಾರ್ಖಾನೆಗಳೂ ಅದೇ ಜೋಳಕ್ಕೆ ಕೈ ಚಾಚುತ್ತಿವೆ. ಕಲಸಿದ್ದನ್ನು ಎರಡು ವಾರಕ್ಕಿಂತ ಹೆಚ್ಚು ಇಡಬೇಡಿ, ತೌಡು ಮುಗ್ಗುತ್ತದೆ.

ಯಾವುದಕ್ಕೇ ಬದಲಾಯಿಸಿದರೂ ಒಂದೇ ದಿನ ಮಾಡಬೇಡಿ. ಹಳೆಯದರಲ್ಲಿ ಹೊಸದನ್ನು ಕಾಲು ಭಾಗ, ಎರಡು ಮೂರು ದಿನ ಬಿಟ್ಟು ಅರ್ಧ, ಹೀಗೆ ಒಂದು ವಾರ ತೆಗೆದುಕೊಳ್ಳಿ. ಆಮೇಲೆ ಮೂರು ವಾರ ಮೊಟ್ಟೆ ಎಣಿಸಿ. ಪುಕ್ಕ ಉದುರುವ ಕಾಲವಾಗಿದ್ದರೆ ಎಣಿಸಿ ಪ್ರಯೋಜನವಿಲ್ಲ, ಆಗ ಏನು ಹಾಕಿದರೂ ಮೊಟ್ಟೆ ಕಡಿಮೆಯೇ.